ತಂಗಾಳಿ ದ್ವೀಪ

ಚೂಟಿ ನಕ್ಕೂ ನಕ್ಕೂ ಬೆಂಚಿನಿಂದ ಜಾರಿ ಕೆಳಗೆ ಬಿದ್ದಳು. ಬಿದ್ದ ಮೇಲೂ ನಗು ನಿಲ್ಲಲಿಲ್ಲ.

"ಮೀನಿನ ಬೆನ್ನ ಮೇಲೆ ಒಲೆ ಹಚ್ಚಿದ್ರಾ ಮಿಸ್? ಅಷ್ಟೂ ಗೊತ್ತಾಗಲಿಲ್ವಾ ಅವರಿಗೆ?"

"ಗೊತ್ತಾಗಲಿಲ್ಲ," ಅಂದರು ಮಿಸ್. "ಅದು ದ್ವೀಪ ಅಂತಾನೇ ಅಂದ್ಕೊಂಡು ಇಳಿದಿದ್ರು. ಬಿಸಿ ತಾಗಿದ್ದೇ ತಡ, ದ್ವೀಪ ಅಲ್ಲಾಡೋಕೆ ಶುರುವಾಯ್ತು. ಎದ್ದೆವೋ ಬಿದ್ದೆವೋ ಅಂತ ಎಲ್ಲರೂ ಹಡಗಿಗೆ ಓಡಿದರಂತೆ. ಇದು ಹಳೇ ಕಾಲದ ನಾವಿಕರು ಹೇಳ್ತಿದ್ದ ಕತೆ."

"ಪಾತ್ರೆ ಅಲ್ಲೇ ಬಿಟ್ಟು ಓಡಿದ್ರಾ, ತಗೊಂಡು ಓಡಿದ್ರಾ?" ಹಿಂದಿನ ಬೆಂಚಿನಿಂದ ರೇಡಿಯೋ ಕೇಳಿದ.

ಅವನ ಅಪ್ಪ ಅಮ್ಮ ಇಟ್ಟ ಹೆಸರು ರೇಡಿಯೋ ಅಲ್ಲ ಅಂತ ಬೇರೆ ಹೇಳಬೇಕಿಲ್ಲ. ಬೆಳಗ್ಗೆ ಶಾಲೆ ಗೇಟಿನ ಹತ್ತಿರ ಆನ್ ಆದರೆ ಸಂಜೆ ಲಾಂಗ್ ಬೆಲ್ ಹೊಡೆಯುವ ತನಕ ಅವನು ಆಫ್ ಆಗುತ್ತಿರಲಿಲ್ಲ, ಅದಕ್ಕೆ ಆ ಹೆಸರು. ಅವನಿಗೂ ಚೂಟಿಗೂ ಒಂದನೇ ಕ್ಲಾಸಿನಿಂದ ಎಣ್ಣೆ ಸೀಗೆಕಾಯಿ ಸಂಬಂಧ. ಆದರೆ ಇವಳು ಒಂದು ದಿನ ಶಾಲೆಗೆ ಬರದಿದ್ದರೆ ಅವನು ಮೂರು ಸಲ ಬಾಗಿಲ ಕಡೆ ನೋಡುತ್ತಿದ್ದ. ಇವಳೂ ಅಷ್ಟೇ.

ಆ ವಾರ ಐದನೇ ಕ್ಲಾಸಿನಲ್ಲಿ ಇಲ್ಲದ ದ್ವೀಪಗಳ ಗಲಾಟೆ. ಭೂಗೋಳದ ಮಿಸ್ ಹಿಂದಿನ ಗೋಡೆಗೆ ದೊಡ್ಡದೊಂದು ಮ್ಯಾಪ್ ಹೊಡೆಸಿದ್ದರು. ಹಿಂದಿನವರು ಇದೆ ಅಂತ ನಂಬಿದ್ದು ಆಮೇಲೆ ಇಲ್ಲ ಅಂತ ಗೊತ್ತಾದ ದ್ವೀಪಗಳಿಗೆ ಹಳದಿ ಪಿನ್ನು. ಎಲ್ಲೋ ನಡುಸಮುದ್ರದಲ್ಲಿ ಒಂಟಿಯಾಗಿ ಬಿದ್ದಿರುವ ನಿಜವಾದ ದ್ವೀಪಗಳಿಗೆ ಬಿಳಿ ಪಿನ್ನು.

ಹಳದಿ ಪಿನ್ನಿನ ದ್ವೀಪಗಳೇ ಮಜವಾಗಿದ್ದವು. ಒಂದು ಹಗಲು ಒಂದು ರಾತ್ರಿಯಲ್ಲಿ ಸಮುದ್ರದಲ್ಲಿ ಮುಳುಗಿಹೋಯಿತು ಅನ್ನುವ ಅಟ್ಲಾಂಟಿಸ್ ಇತ್ತು. ಥೂಲೆ ಅನ್ನುವ ದ್ವೀಪದ ಹತ್ತಿರ ನೆಲ, ನೀರು, ಗಾಳಿ ಮೂರೂ ಕಲಸಿಕೊಂಡು ಒಂದೇ ಆಗಿದ್ದವಂತೆ. ಅದರ ಮೇಲೆ ನಡೆಯೋಕೂ ಆಗದು, ಹಡಗು ಬಿಡೋಕೂ ಆಗದು. "ನಮ್ಮಕ್ಕ ಮಾಡೋ ಗಂಜಿ ಸೇಮ್ ಹಾಗೇ ಇರುತ್ತೆ ಮಿಸ್," ಅಂದಿದ್ದ ರೇಡಿಯೋ. ಪುರಾಣದಲ್ಲಿ ಏಳು ದ್ವೀಪ, ಸುತ್ತ ಏಳು ಸಮುದ್ರ. ಒಂದು ಉಪ್ಪುನೀರಿನದು, ಒಂದು ಕಬ್ಬಿನ ಹಾಲಿನದು, ಒಂದು ತುಪ್ಪದ್ದು, ಒಂದು ಮೊಸರಿನದು. ಮೊಸರಿನ ಸಮುದ್ರದಲ್ಲಿ ತುಂಬಾ ಹೊತ್ತು ಈಜಿದರೆ ಬೆಣ್ಣೆ ಬರುತ್ತಾ ಅಂತ ಯಾರೋ ಕೇಳಿ, ಅರ್ಧ ಪೀರಿಯಡ್ ಅದರಲ್ಲೇ ಹೋಗಿತ್ತು.

"ಆದ್ರೂ ಮಿಸ್," ಅಂದಳು ಚೂಟಿ, ಬೆಂಚಿಗೆ ವಾಪಸ್ ಹತ್ತುತ್ತಾ, "ಮ್ಯಾಪಲ್ಲಿ ಬರೆದಿದೆ ಅಂತ ಇಲ್ಲದ್ದನ್ನೆಲ್ಲಾ ನಂಬಿಬಿಡೋದಾ? ಕುರಿಗಳು. ನಮ್ಮಮ್ಮನ ಕೈಗೆ ಸಿಕ್ಕಿದ್ರೆ ಅಂಥ ಮ್ಯಾಪನ್ನ ಆಗಲೇ ವಾಪಸ್ ಕಳಿಸ್ತಿದ್ರು."

ಚೂಟಿ ಹೀಗೆ ಮಾತಾಡೋಕೆ ಕಾರಣ ಇತ್ತು. ಅವರದು ಗ್ಲೋಬ್ ಮಾಡುವ ಮನೆ. ಕೆಳಗೆ ವರ್ಕ್‌ಶಾಪು, ಮೇಲೆ ವಾಸ. ಬೇರೆ ಮಕ್ಕಳು ಗಿಲಕಿ ಹಿಡಿದು ಆಡುವ ವಯಸ್ಸಿನಲ್ಲಿ ಅವಳು ಭೂಮಿಯನ್ನೇ ಗಿರಗಿರ ತಿರುಗಿಸಿ ಆಡಿದವಳು. ಭೂಗೋಳದಲ್ಲಿ ಅವಳ ಮುಂದೆ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ಸ್ವಲ್ಪ ಜಾಸ್ತಿಯೇ ಗೊತ್ತಿತ್ತು.

"ಸರಿ, ಈಗ ನಿಜವಾದ ದ್ವೀಪ. ಬಿಳಿ ಪಿನ್ನು ಯಾರು ಚುಚ್ತೀರಿ?" ಅಂದರು ಮಿಸ್.

ಕೇಳಿ ಮುಗಿಯುವ ಮುಂಚೆ ಚೂಟಿ ಮ್ಯಾಪಿನ ಎದುರು ನಿಂತಿದ್ದಳು. "ತಂಗಾಳಿ ದ್ವೀಪ," ಅಂದಳು.

ಈ ದ್ವೀಪದ ಹೆಸರು ಕ್ಲಾಸಿಗೇ ಬಾಯಿಪಾಠ. ದಕ್ಷಿಣದ ಸಮುದ್ರದಲ್ಲಿ ಬೆರಳ ತುದಿಯಷ್ಟೇ ಇರುವ ದ್ವೀಪ ಅದು. ಅಲ್ಲಿ ಒಂದೇ ಪೋಸ್ಟ್ ಆಫೀಸು. ಯಾರೂ ಕಾಗದ ಬರೆಯೋದಿಲ್ಲ ಅಂತ ಪೋಸ್ಟ್‌ಮಾಸ್ಟರ್ ತನಗೆ ತಾನೇ ಕಾಗದ ಬರೆದು, ತಾನೇ ಸೀಲು ಹೊಡೆದು, ತಾನೇ ಬಾಗಿಲು ತಟ್ಟಿ ಕೊಡ್ತಾನೆ. ಮೇಕೆಗಳು ಮನೆಯ ಮಾಡಿನ ಮೇಲೆ ಮಲಗುತ್ತವೆ. ಯಾವಾಗಲೂ ತಣ್ಣಗೆ ಗಾಳಿ ಬೀಸುವುದರಿಂದ ಯಾರ ಮನೆಯಲ್ಲೂ ಫ್ಯಾನ್ ಇಲ್ಲ. ಇದನ್ನೆಲ್ಲ ಚೂಟಿಗೆ ಹೇಳಿದ್ದು ಅವಳ ತಾತ. ದೊಡ್ಡವಳಾದ ಮೇಲೆ ಮೊದಲು ಹೋಗುವುದು ಅಲ್ಲಿಗೇ ಅಂತ ಅವಳು ಯಾವತ್ತೋ ಡಿಕ್ಲೇರ್ ಮಾಡಿಬಿಟ್ಟಿದ್ದಳು.

ಪಿನ್ನು ಹಿಡಿದ ಕೈ ಮ್ಯಾಪಿನ ದಕ್ಷಿಣಕ್ಕೆ ಹೋಯಿತು. ಅಲ್ಲಿ ಬರೀ ನೀಲಿ ಇತ್ತು. ಕೈ ಒಂದಿಷ್ಟು ಎಡಕ್ಕೆ ಬಂತು, ಆಮೇಲೆ ಬಲಕ್ಕೆ. ಅಲ್ಲೂ ನೀಲಿಯೇ.

"ಸಿಗ್ತಾ ಇಲ್ವಾ ಮರಿ?" ಮಿಸ್ ಮೇಜಿನ ಮೇಲಿದ್ದ ದಪ್ಪ ಅಟ್ಲಾಸ್ ತೆಗೆದು ಹಿಂದಿನ ಪುಟಗಳಲ್ಲಿ ಬೆರಳಾಡಿಸಿದರು. "ತ... ತಂ... ಇಲ್ಲವಲ್ಲಾ. ಇದರಲ್ಲೂ ಇಲ್ಲ."

"ಹಳದಿ ಪಿನ್ ಕೊಡಿ ಮಿಸ್, ಹಳದಿ," ಅಂದ ರೇಡಿಯೋ. ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು.

"ಇದು ಯಾವುದೋ ಡಬ್ಬಾ ಮ್ಯಾಪು," ಅಂದಳು ಚೂಟಿ. ಅವಳ ಮುಖ ಕೆಂಪಾಗಿತ್ತು. "ನಮ್ಮ ಮನೆ ಗ್ಲೋಬಲ್ಲಿ ಇದೆ. ನಾಳೆ ತಂದು ನಿನ್ನ ಕಣ್ಣಿಗೇ ಹಿಡೀತೀನಿ."

"ತಗೊಂಡು ಬಾ, ಎಲ್ಲರೂ ನೋಡೋಣ," ಅಂದರು ಮಿಸ್. ಅವರು ನಗಲಿಲ್ಲ. ಅದಕ್ಕೇ ಚೂಟಿಗೆ ಇನ್ನೂ ಭಯವಾಗಿದ್ದು.

ವರ್ಕ್‌ಶಾಪಿನಲ್ಲಿ ಅಮ್ಮ ಅಂಟು ಹಚ್ಚುತ್ತಿದ್ದಳು. ಗ್ಲೋಬ್ ಮೇಲಿನ ಮ್ಯಾಪು ಒಂದೇ ಹಾಳೆಯಾಗಿ ಬರುವುದಿಲ್ಲ. ಕರಬೂಜದ ಹೋಳಿನ ಹಾಗೆ ಎರಡೂ ತುದಿ ಚೂಪಾಗಿರುವ ಉದ್ದುದ್ದ ಪಟ್ಟಿಗಳಾಗಿ ಪ್ರಿಂಟ್ ಆಗಿ ಬರುತ್ತದೆ. ಒಂದೊಂದೇ ಪಟ್ಟಿಗೆ ಅಂಟು ಬಳಿದು, ರಟ್ಟಿನ ಗುಂಡಿನ ಮೇಲೆ ಕೂರಿಸಿ, ಬೆರಳಿನಿಂದ ನೀವಿ ನೀವಿ ಪಕ್ಕದ ಪಟ್ಟಿಗೆ ಸೇರಿಸಬೇಕು. ಒದ್ದೆ ಕಾಗದ, ಸ್ವಲ್ಪ ಎಳೆದರೆ ಹಿಗ್ಗುತ್ತದೆ, ಇನ್ನೂ ಸ್ವಲ್ಪ ಎಳೆದರೆ ಹರಿಯುತ್ತದೆ. ಒಂದು ನದಿ ಈ ಪಟ್ಟಿಯಲ್ಲಿ ಶುರುವಾಗಿ ಆ ಪಟ್ಟಿಯಲ್ಲಿ ಮುಂದುವರಿಯಬೇಕಾದರೆ ಕೂದಲೆಳೆಯಷ್ಟೂ ಆಚೀಚೆ ಆಗಬಾರದು.

ಅಮ್ಮನ ಕೈಯಲ್ಲಿ ಆಚೀಚೆ ಆಗುತ್ತಲೂ ಇರಲಿಲ್ಲ. ಕೆಲಸದವರು ಮಾಡಿದ ಗ್ಲೋಬನ್ನು ಭೂತಗನ್ನಡಿ ಹಿಡಿದು ನೋಡಿ, ನಡುಸಮುದ್ರದಲ್ಲಿ ಒಂದು ಸುಕ್ಕು ಕಂಡರೂ ಕೀಳಿಸಿ ಮೊದಲಿಂದ ಮಾಡಿಸುತ್ತಿದ್ದಳು. "ಸಮುದ್ರದಲ್ಲಿ ತಾನೇ ಮೇಡಂ, ಯಾರು ನೋಡ್ತಾರೆ," ಅಂದರೆ, "ನಾನು ನೋಡ್ತೀನಿ," ಅನ್ನುತ್ತಿದ್ದಳು. ಬೀದಿಯವರು ಅವಳಿಗೇ ಭೂತಗನ್ನಡಿ ಅಂತ ಹೆಸರಿಟ್ಟಿದ್ದರು. ಅವಳ ಎದುರಿಗಲ್ಲ, ಅಷ್ಟು ಧೈರ್ಯ ಯಾರಿಗಿದೆ.

ಚೂಟಿ ಬ್ಯಾಗನ್ನು ಮೂಲೆಗೆಸೆದು ಸೀದಾ ರ‍್ಯಾಕಿನ ಹತ್ತಿರ ಹೋದಳು. ಹೊಸ ಗ್ಲೋಬುಗಳು ಸಾಲಾಗಿ ಒಣಗಲು ಕೂತಿದ್ದವು. ಮೊದಲನೆಯದನ್ನು ತಿರುಗಿಸಿ ದಕ್ಷಿಣದ ಸಮುದ್ರ ನೋಡಿದಳು. ಇಲ್ಲ. ಎರಡನೆಯದು ನೋಡಿದಳು, ಇಲ್ಲ. ಸಾಲು ಪೂರ್ತಿ ನೋಡಿದಳು. ದಿನಾ ಬೆಳಗಾದರೆ ಇವುಗಳ ನಡುವೆಯೇ ಓಡಾಡುತ್ತಿದ್ದಳು, ಒಂದು ದಿನವೂ ನೋಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ ಇರಬೇಕು.

"ಏನು ಹುಡುಕ್ತಾ ಇದ್ದೀಯ? ಒದ್ದೆ ಇದೆ, ಮುಟ್ಟಬೇಡ," ಅಂದಳು ಅಮ್ಮ ತಲೆಯೆತ್ತದೆ.

ಚೂಟಿ ಕೈ ಹಿಂದಕ್ಕೆ ತೆಗೆದಳು. ಕಿಟಕಿ ಪಕ್ಕದ ಕುರ್ಚಿಯಲ್ಲಿ ತಾತ ಕೂತಿದ್ದ. ಹಿಂದೆ ಈ ವರ್ಕ್‌ಶಾಪು ಅವನದೇ. ಈಗ ಕೈ ನಡುಗುತ್ತದೆ ಅಂತ ಅಂಟಿನ ಕೆಲಸ ಬಿಟ್ಟು, ರೆಡಿಯಾದ ಗ್ಲೋಬುಗಳನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಸರಾಗವಾಗಿ ತಿರುಗುತ್ತವೋ ಇಲ್ಲವೋ ನೋಡುತ್ತಿದ್ದ.

"ತಾತ, ತಂಗಾಳಿ ದ್ವೀಪ ಯಾಕೆ ಇವುಗಳಲ್ಲಿ ಇಲ್ಲ?"

ತಾತ ತಿರುಗುತ್ತಿದ್ದ ಗ್ಲೋಬಿನ ಮೇಲೆ ಅಂಗೈ ಇಟ್ಟ. ಅದು ನಿಂತಿತು.

"ಅದಾ... ಸಣ್ಣ ದ್ವೀಪ ಅಲ್ವಾ ಮಗಾ. ಬಿಟ್ಟಿರ್ತಾರೆ."

"ಅದಕ್ಕಿಂತ ಸಣ್ಣ ದ್ವೀಪಗಳೆಲ್ಲಾ ಇವೆ. ಶಾಲೆ ಮ್ಯಾಪಲ್ಲಿ ಇಲ್ಲ, ಅಟ್ಲಾಸಲ್ಲೂ ಇಲ್ಲ. ನಿಜ ಹೇಳು ತಾತ."

ತಾತ ಒಂದು ಸಲ ಅಮ್ಮನ ಕಡೆ ನೋಡಿದ. ಅಮ್ಮ ಪಟ್ಟಿ ಕೂರಿಸುತ್ತಿದ್ದಳು, ಕಿವಿ ಈ ಕಡೆ ಇತ್ತೋ ಇಲ್ಲವೋ ಗೊತ್ತಾಗಲಿಲ್ಲ. ತಾತ ದನಿ ತಗ್ಗಿಸಿದ. "ನಾನೇ ಬರೆದದ್ದು ಕಣೆ ಅದು. ಮನೆ ಗ್ಲೋಬಲ್ಲಿ ಒಂದು ಕಡೆ ಕಾಗದ ತೂತಾಗಿತ್ತು. ನೀಲಿ ಬಳಿದ್ರೆ ಒಣಗಿದ ಮೇಲೆ ಬೇರೆ ನೀಲಿ ಆಗಿಬಿಡುತ್ತೆ, ತೇಪೆ ಹಾಕಿದ್ದು ಎದ್ದು ಕಾಣುತ್ತೆ. ಹಸಿರು, ಕಂದು ಹಚ್ಚಿ ದ್ವೀಪ ಮಾಡಿದ್ರೆ ಯಾರಿಗೂ ಅನುಮಾನ ಬರಲ್ಲ."

"ಪೋಸ್ಟ್‌ಮಾಸ್ಟರು?"

"ಅವನೂ... ಇಲ್ಲ."

"ಮೇಕೆಗಳು?"

ಮೇಕೆಗಳೂ ಇಲ್ಲ ಅನ್ನುವುದನ್ನು ಬಾಯಿಬಿಟ್ಟು ಹೇಳಲು ತಾತನಿಗೆ ಆಗಲಿಲ್ಲ.

ಚೂಟಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. "ಇಡೀ ಕ್ಲಾಸ್ ಮುಂದೆ ನನ್ನ ಮಾನ ಹೋಯ್ತು. ನಾಳೆ ಗ್ಲೋಬ್ ತರ್ತೀನಿ ಅಂತ ಬೇರೆ ಹೇಳಿ ಬಂದಿದ್ದೀನಿ. ಆ ರೇಡಿಯೋ ಇನ್ನು ಹತ್ತನೇ ಕ್ಲಾಸ್ ತನಕ ಇದನ್ನೇ ಹಾಡ್ತಾನೆ. ನೀನು ಸುಳ್ಳುಗಾರ ತಾತ. ನಿನ್ನ ಜೊತೆ ಟೂ."

ಕಿರುಬೆರಳು ತೋರಿಸಿ, ಟೂ ಬಿಟ್ಟು, ದಡದಡ ಮೆಟ್ಟಿಲು ಹತ್ತಿ ಹೋದಳು. ತಾತ "ಮಗಾ" ಅಂದದ್ದು ಕೇಳಿಸಿತು. ಅವಳು ತಿರುಗಿ ನೋಡಲಿಲ್ಲ.

ಮನೆ ಗ್ಲೋಬು ಹಾಲಿನ ಕಪಾಟಿನ ಮೇಲಿತ್ತು. ಚೂಟಿ ಸ್ಟೂಲ್ ಹಾಕಿ ಅದನ್ನು ಇಳಿಸಿಕೊಂಡಳು. ಹಳೇ ಗ್ಲೋಬು, ವಾರ್ನಿಷ್ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ತಂಗಾಳಿ ದ್ವೀಪ ಇದ್ದಲ್ಲೇ ಇತ್ತು. ಅಂಚಿನಲ್ಲಿ ಹಸಿರು, ನಡುವೆ ಕಂದು ಬಣ್ಣದ ಸಣ್ಣ ಗುಡ್ಡ, ಪಕ್ಕದಲ್ಲಿ ಇರುವೆ ಸಾಲಿನಂಥ ಅಕ್ಷರಗಳು. ಇಷ್ಟು ದಿನ ಅದನ್ನು ನೋಡಿದರೆ ಖುಷಿಯಾಗುತ್ತಿತ್ತು. ಇವತ್ತು ಅದೂ ತನ್ನನ್ನು ನೋಡಿ ನಗುತ್ತಿದೆ ಅನ್ನಿಸಿತು.

ಅವಳ ತಲೆ ಚುರುಕಾಗಿ ಓಡಿತು. ದ್ವೀಪಾನೇ ಇಲ್ಲದಿದ್ದರೆ? ನಾಳೆ ಗ್ಲೋಬ್ ತೋರಿಸಿ, "ನೋಡಿ, ಇಲ್ಲಿ ಏನೂ ಇಲ್ಲ, ನಿಮ್ಮನ್ನೆಲ್ಲ ಬಕ್ರಾ ಮಾಡಿದೆ" ಅಂದುಬಿಟ್ಟರೆ? ಆಗ ಬಕ್ರಾ ಆಗುವವನು ರೇಡಿಯೋ.

ಡ್ರಾಯಿಂಗ್ ಡಬ್ಬಿ ತೆಗೆದಳು. ನೀಲಿ ಕಲಸಿದಳು, ಬಿಳಿ ಸೇರಿಸಿದಳು, ಗ್ಲೋಬಿನ ಪಕ್ಕ ಹಿಡಿದು ನೋಡಿ ಇನ್ನೊಂಚೂರು ನೀಲಿ ಹಾಕಿದಳು. ಬ್ರಶ್ಶು ದ್ವೀಪದ ಎಡದ ಅಂಚಿಗೆ ತಾಗಿತು.

"ಅದನ್ನ ಮುಟ್ಟಬೇಡ!"

ಬಾಗಿಲಲ್ಲಿ ಅಮ್ಮ. ಎರಡೂ ಕೈ ಅಂಟು, ಏದುಸಿರು. ಮೇಲೆ ಸ್ಟೂಲ್ ಎಳೆದ ಸದ್ದು ಕೆಳಗೆ ಕೇಳಿಸಿರಬೇಕು. ಅಮ್ಮ ಮೆಟ್ಟಿಲನ್ನು ಓಡಿ ಹತ್ತಿದ್ದನ್ನು ಚೂಟಿ ಈವರೆಗೆ ನೋಡಿರಲಿಲ್ಲ. ಬಂದವಳೇ ಬ್ರಶ್ ಕಿತ್ತುಕೊಂಡು, ಸೆರಗಿನ ತುದಿಯನ್ನು ನೀರಿಗದ್ದಿ ದ್ವೀಪದ ಅಂಚನ್ನು ಮೆಲ್ಲಗೆ ಒತ್ತಿ ಒತ್ತಿ ಒರೆಸತೊಡಗಿದಳು. ಕೈ ತೊಳೆಯುವುದನ್ನೂ ಮರೆತಿದ್ದಳು.

"ಅದು ಸುಳ್ಳು ದ್ವೀಪ ಅಮ್ಮ," ಅಂದಳು ಚೂಟಿ. "ತಾತ ತೂತು ಮುಚ್ಚೋಕೆ ಬರೆದದ್ದು. ನೀನು ಒಂದು ಸುಕ್ಕು ಇದ್ರೂ ಬಿಡಲ್ಲ, ಇದನ್ನ ಯಾಕೆ ಇಟ್ಟುಕೊಂಡಿದ್ದೀಯ?"

"ತೂತು ಯಾರು ಮಾಡಿದ್ದು ಅಂತ ಹೇಳಿದ್ರಾ ತಾತ?"

"ಇಲ್ಲ."

ಅಮ್ಮ ಒರೆಸುವುದನ್ನು ನಿಲ್ಲಿಸಿ ನೆಲದ ಮೇಲೆ ಕೂತಳು.

"ನಾನೇ," ಅಂದಳು.

ಚೂಟಿ ಬಾಯಿ ಬಿಟ್ಟುಕೊಂಡು ನೋಡಿದಳು. ಭೂತಗನ್ನಡಿ ಗ್ಲೋಬ್ ತೂತು ಮಾಡುವುದೆಂದರೆ ಬೆಕ್ಕು ಹಾಲು ಬೇಡ ಅಂದ ಹಾಗೆ.

"ಆಗ ನನಗೆ ಐದು ವರ್ಷ. ಇದು ಯಾರೋ ದೊಡ್ಡವರ ಆರ್ಡರ್, ಮಾರನೇ ದಿನ ಕೊಡಬೇಕಿತ್ತು. ಅಪ್ಪ ಆಗಷ್ಟೇ ಕಾಗದ ಕೂರಿಸಿ ಊಟಕ್ಕೆ ಎದ್ದಿದ್ರು. ಒದ್ದೆ ಕಾಗದ ಹೇಗಿರುತ್ತೆ ನೋಡೋಣ ಅಂತ ಬೆರಳಿಟ್ಟೆ. ಸಣ್ಣಗೆ ಒತ್ತಿದೆ. ಕಾಗದ ಹರಿದು ಬೆರಳು ಒಳಗಿನ ರಟ್ಟಿಗೇ ತಾಗ್ತು." ಅಮ್ಮ ತನ್ನ ತೋರುಬೆರಳನ್ನು ನೋಡಿಕೊಂಡಳು. "ಹೊಡೀತಾರೆ ಅಂತ ಮೇಜಿನ ಕೆಳಗೆ ಹೋಗಿ ಕೂತೆ. ಅತ್ತೂ ಅತ್ತೂ ಬಿಕ್ಕಳಿಕೆ ಬಂತು. ಅಪ್ಪ ಬಂದು ನೋಡಿದ್ರು. ಗ್ಲೋಬನ್ನೂ ನೋಡಿದ್ರು. ಆಮೇಲೆ ಅವರೂ ಬಗ್ಗಿ ಮೇಜಿನ ಕೆಳಗೆ ಬಂದು ಕೂತುಕೊಂಡ್ರು."

"ಹೊಡೆದ್ರಾ?"

"ಇಲ್ಲ ಕಣೆ. 'ಇಷ್ಟು ವರ್ಷ ಗ್ಲೋಬ್ ಮಾಡ್ತಾ ಇದ್ದೀನಿ, ಒಂದು ದ್ವೀಪಾನೂ ಕಂಡುಹಿಡಿದಿಲ್ಲ, ನೀನು ಐದು ವರ್ಷಕ್ಕೇ ಕಂಡುಹಿಡಿದೆಯಲ್ಲಾ' ಅಂದ್ರು. 'ಕಂಡುಹಿಡಿದವರೇ ಹೆಸರಿಡಬೇಕು, ಏನಿಡ್ತೀಯ?' ಅಂದ್ರು. ಮೇಜಿನ ಕೆಳಗೆ ಬಾಗಿಲ ಸಂದಿಯಿಂದ ತಣ್ಣಗೆ ಗಾಳಿ ಬರ್ತಾ ಇತ್ತು. ತಂಗಾಳಿ ಅಂದೆ. ಯಾರಿಗೂ ಹೇಳಬೇಡಿ ಅಪ್ಪ ಅಂತ ಆಣೆ ಹಾಕಿಸಿಕೊಂಡೆ. ಆರ್ಡರಿನವರಿಗೆ ಬೇರೆ ಗ್ಲೋಬ್ ಮಾಡಿಕೊಟ್ಟು, ಇದನ್ನ ಮನೇಲೇ ಇಟ್ಟುಕೊಂಡ್ರು."

ಚೂಟಿಗೆ ಕೆಳಗೆ ತಾತ ಅಮ್ಮನ ಕಡೆ ನೋಡಿದ್ದು ನೆನಪಾಯಿತು. ಸುಳ್ಳುಗಾರ ಅನ್ನಿಸಿಕೊಂಡರೂ ಅವನು ಅಮ್ಮನ ಹೆಸರು ಬಿಟ್ಟುಕೊಟ್ಟಿರಲಿಲ್ಲ.

"ಪೋಸ್ಟ್‌ಮಾಸ್ಟರನ್ನ ಯಾರು ಮಾಡಿದ್ದು?" ಅಂತ ಕೇಳಿದಳು.

"ಪೋಸ್ಟ್ ಆಫೀಸ್ ನಾನು ಕಟ್ಟಿಸಿದ್ದು. ತನಗೆ ತಾನೇ ಕಾಗದ ಬರೆಯೋ ಬುದ್ಧಿ ತಾತನದ್ದು."

"ಮೇಕೆ?"

"ಮೇಕೆ ನಂದು. ಮಾಡಿನ ಮೇಲೆ ಹತ್ತಿಸಿದ್ದು ಅವರು."

ಅಷ್ಟರಲ್ಲಿ ತಾತ ಮೆಟ್ಟಿಲ ಕೊನೆಯಲ್ಲಿ ಕಾಣಿಸಿಕೊಂಡ. ಒಳಗೆ ಬರಲೋ ಬೇಡವೋ ಅಂತ ಬಾಗಿಲ ಚೌಕಟ್ಟು ಹಿಡಿದು ನಿಂತ. ಟೂ ಬಿಟ್ಟಿದ್ದಾಳಲ್ಲ, ಅದಕ್ಕೂ ಒಂದು ಮರ್ಯಾದೆ ಇದೆ. ಚೂಟಿಯೇ ಎದ್ದು ಹೋಗಿ ಕೈ ಹಿಡಿದು ಕರೆದುಕೊಂಡು ಬಂದಳು.

"ಟೂ ವಾಪಸ್ ತಗೊಂಡೆ ತಾತ. ಸುಳ್ಳುಗಾರ ಅಂದಿದ್ದನ್ನೂ."

"ಅದನ್ನ ಅರ್ಧ ಮಾತ್ರ ವಾಪಸ್ ತಗೋ," ಅಂದ ತಾತ. "ಅರ್ಧ ನಿಜಾನೇ."

ಅಮ್ಮ ಎಷ್ಟು ಒರೆಸಿದರೂ ದ್ವೀಪದ ಎಡದ ಅಂಚಿನಲ್ಲಿ ಒಂಚೂರು ನೀಲಿ ಉಳಿದುಬಿಟ್ಟಿತ್ತು. ವಾರ್ನಿಷ್ ಬಿರುಕಿನೊಳಗೆ ಇಳಿದುಹೋಗಿತ್ತು. ತಾತ ಕನ್ನಡಕ ಏರಿಸಿ ಬಗ್ಗಿ ನೋಡಿದ.

"ಒಳ್ಳೇದೇ ಆಯ್ತು," ಅಂದ. "ಇಷ್ಟು ದಿನ ಅಲ್ಲಿ ದೋಣಿ ನಿಲ್ಲಿಸೋಕೆ ಜಾಗ ಇರಲಿಲ್ಲ."

ಮೂವರೂ ನಕ್ಕರು. ಅಮ್ಮನ ಸೆರಗಿನ ತುಂಬ ಅಂಟು, ಅದಕ್ಕೆ ನೀಲಿ ಬೇರೆ. ಬೇರೆ ದಿನ ಆಗಿದ್ದರೆ ಅದಕ್ಕೊಂದು ದೊಡ್ಡ ಭಾಷಣ ಆಗುತ್ತಿತ್ತು.

ನಗು ಮುಗಿದ ಮೇಲೆ ನಾಳೆಯ ವಿಷಯ ಉಳಿದಿತ್ತು. "ನಾನು ಬಂದು ನಿಮ್ಮ ಮಿಸ್ ಹತ್ರ ಮಾತಾಡ್ತೀನಿ," ಅಂದ ತಾತ. "ತಪ್ಪು ನಂದು ಅಂತ ಹೇಳ್ತೀನಿ."

ಚೂಟಿ ಯೋಚಿಸಿದಳು. ತಾತ ನಡುಗುವ ಕೈ ಕಟ್ಟಿಕೊಂಡು ಕ್ಲಾಸಿನ ಮುಂದೆ ನಿಲ್ಲುವುದು ಅವಳ ಕಣ್ಣಿಗೆ ಕಟ್ಟಿತು. "ಬೇಡ ತಾತ. ನಾನೇ ಹೇಳ್ತೀನಿ."

"ಹೇಳು," ಅಂದಳು ಅಮ್ಮ. ಆಮೇಲೆ ಸ್ವಲ್ಪ ತಡೆದು, "ನನ್ನ ಹೆಸರು ಮಾತ್ರ ಹೇಳಬೇಡ. ನಾಳೆ ಕೆಲಸದವರಿಗೆ ಗೊತ್ತಾದ್ರೆ ನನ್ನ ಮಾತು ಯಾರು ಕೇಳ್ತಾರೆ?" ಅಂದಳು. ಅಮ್ಮ ಚೂಟಿಯ ಹತ್ತಿರ ಏನನ್ನಾದರೂ ಹೀಗೆ ಕೇಳಿಕೊಂಡದ್ದು ಇದೇ ಮೊದಲು.

ಬೆಳಗ್ಗೆ ಗ್ಲೋಬಿಗೆ ಹಳೇ ಬೆಡ್‌ಶೀಟ್ ಸುತ್ತಿ, ಎರಡೂ ಕೈಯಲ್ಲಿ ತಬ್ಬಿಕೊಂಡು ಚೂಟಿ ಹೊರಟಳು. ಎದುರಿಗೆ ಏನು ಬರುತ್ತಿದೆ ಅಂತ ಕಾಣುತ್ತಿರಲಿಲ್ಲ. ಒಬ್ಬ ಸೈಕಲ್ಲಿನವನು ಬೈದ. ತರಕಾರಿ ಅಂಗಡಿಯವಳು, "ಏನಮ್ಮಾ, ಇಷ್ಟು ದೊಡ್ಡ ಕುಂಬಳಕಾಯಿ ಎಲ್ಲಿ ಸಿಕ್ತು?" ಅಂದಳು. ಶಾಲೆ ಗೇಟಿನಲ್ಲಿ ರೇಡಿಯೋ ಕಾಯುತ್ತಾ ನಿಂತಿದ್ದ. ಏನೂ ಕೇಳದೆ ಬೆಡ್‌ಶೀಟಿನ ಇನ್ನೊಂದು ಕಡೆ ಹಿಡಿದುಕೊಂಡ. ಕ್ಲಾಸ್ ತಲುಪುವವರೆಗೆ ಅವನ ಬಾಯಿ ಮಾತ್ರ ನಿಲ್ಲಲಿಲ್ಲ.

ಭೂಗೋಳದ ಪೀರಿಯಡ್ ಬಂತು. ಚೂಟಿ ಬೆಡ್‌ಶೀಟ್ ಬಿಚ್ಚಿ ದ್ವೀಪ ತೋರಿಸಿದಳು. ಹುಡುಗರೆಲ್ಲ ಮುಗಿಬಿದ್ದು ನೋಡಿದರು.

"ಇದೆಯಲ್ಲೇ," ಅಂದ ರೇಡಿಯೋ. ಅವನ ದನಿಯಲ್ಲಿ ಸೋಲು ಇತ್ತು.

ಆ ಒಂದು ಕ್ಷಣ ಅಲ್ಲಿಗೇ ನಿಲ್ಲಿಸಿಬಿಡೋಣ ಅಂತ ಚೂಟಿಗೆ ಎಷ್ಟು ಆಸೆಯಾಯಿತು ಅಂದರೆ, ಹೇಳುವ ಹಾಗಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

"ಗ್ಲೋಬಲ್ಲಿ ಇದೆ. ಸಮುದ್ರದಲ್ಲಿ ಇಲ್ಲ," ಅಂದಳು. "ಹಳದಿ ಪಿನ್ ಕೊಡಿ ಮಿಸ್."

ಆಮೇಲೆ ಎಲ್ಲ ಹೇಳಿದಳು. ಒದ್ದೆ ಕಾಗದ, ಬೆರಳು, ತೂತು, ಮೇಜಿನ ಕೆಳಗೆ ಅಳುತ್ತಾ ಕೂತಿದ್ದ ಒಬ್ಬ ಹುಡುಗಿ, ಅವಳ ಪಕ್ಕದಲ್ಲಿ ಹೋಗಿ ಕೂತ ತಾತ. ತಾನು ಇದನ್ನೆಲ್ಲ ನಿನ್ನೆ ತನಕ ನಿಜ ಅಂತ ನಂಬಿದ್ದೆ ಅನ್ನುವುದನ್ನೂ ಹೇಳಿದಳು. ಅದನ್ನು ಹೇಳುವಾಗ ಮಾತ್ರ ನೆಲ ನೋಡಿದಳು.

"ಯಾರು ಆ ಹುಡುಗಿ?" ಅಂದ ರೇಡಿಯೋ.

"ಹೇಳಲ್ಲ. ಮಾತು ಕೊಟ್ಟಿದ್ದೀನಿ."

"ಗೊತ್ತಾಯ್ತು ಗೊತ್ತಾಯ್ತು. ನೀನೇ ಕಣೇ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ್ಳು ನೋಡಿ. ನೀನೇ ತೂತು ಮಾಡಿದ್ದು."

ಕ್ಲಾಸು ನಕ್ಕಿತು. ಗ್ಲೋಬ್ ಮನೆಯವಳೇ ಗ್ಲೋಬ್ ತೂತು ಮಾಡಿದಳು ಅಂತ ಹಿಂದಿನ ಬೆಂಚಿನವರು ಆಗಲೇ ಹಾಡು ಕಟ್ಟುತ್ತಿದ್ದರು. ನಿನ್ನೆಯ ಚೂಟಿ ಆಗಿದ್ದರೆ ಅವರ ಜುಟ್ಟು ಹಿಡಿದು, ನಾನಲ್ಲ, ಇಂಥವರು ಅಂತ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದಳು. ನಾಲಿಗೆ ತುದಿಗೆ ಬಂದೂ ಇತ್ತು.

ಅವಳು ಅದನ್ನು ನುಂಗಿಕೊಂಡಳು. ನಿನ್ನೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ತಾತನೂ ಹೀಗೇ ನುಂಗಿಕೊಂಡಿದ್ದನೇನೋ ಅಂದುಕೊಂಡಳು.

ಮಿಸ್ ಅವಳ ಮುಖವನ್ನೇ ನೋಡುತ್ತಿದ್ದರು. ಹಳದಿ ಪಿನ್ ಕೈಗಿಟ್ಟು, "ಒಳ್ಳೇ ದ್ವೀಪ," ಅಂದರು, ಅಷ್ಟೇ. ಚೂಟಿ ಮ್ಯಾಪಿನ ನೀಲಿಯಲ್ಲಿ ಜಾಗ ನೋಡಿ ಪಿನ್ ಚುಚ್ಚಿ ಬಂದು ಕೂತಳು.

ಮುಂದಿನ ಸರದಿ ರೇಡಿಯೋದು. ಅವನು ಜೇಬಿನಿಂದ ಚೀಟಿ ತೆಗೆದು, ಎದೆ ಉಬ್ಬಿಸಿ ನಿಂತ.

"ನನ್ನ ದ್ವೀಪದ ಹೆಸರು ಹೈ ಬ್ರಸಿಲ್. ಫುಟ್‌ಬಾಲ್ ಆಡೋ ಬ್ರೆಜಿಲ್ ಅಲ್ಲ, ಅದು ದೇಶ, ಇದು ಬೇರೆ. ಇದರ ಸುತ್ತ ಯಾವಾಗಲೂ ಮಂಜು. ಏಳು ವರ್ಷಕ್ಕೆ ಒಂದೇ ದಿನ ಮಂಜು ಸರಿದು ಕಾಣುತ್ತಂತೆ. ಅವತ್ತೂ ಹತ್ತಿರ ಹೋಗೋಕೆ ಆಗಲ್ವಂತೆ. ಆದ್ರೂ ನೂರಾರು ವರ್ಷ ಎಲ್ಲಾ ಮ್ಯಾಪಲ್ಲೂ ಇದನ್ನ ದುಂಡಗೆ ಬರೀತಾ ಇದ್ರು. ಹಡಗಿನವರು ಹುಡುಕೋಕೆ ಹೋಗಿ ಹೋಗಿ ವಾಪಸ್ ಬಂದ್ರು. ಆಮೇಲೆ ಮ್ಯಾಪಿನವರು ಅದನ್ನ ಸಣ್ಣದು ಮಾಡಿದ್ರು. ಕೊನೆಗೆ ದ್ವೀಪ ಅಲ್ಲ, ಬರೀ ಒಂದು ಬಂಡೆ ಅಂತ ಬರೆದ್ರು. ಕೊನೆಗೊಂದು ದಿನ ಬಂಡೇನೂ ಅಳಿಸಿಬಿಟ್ಟರು. ಫಿನಿಶ್."

ಎಲ್ಲರೂ ನಕ್ಕರು. ರೇಡಿಯೋ "ಫಿನಿಶ್" ಅಂದದ್ದೇ ಹಾಗಿತ್ತು.

ಚೂಟಿಯೂ ನಗಲೆಂದು ಬಾಯಿ ತೆಗೆದಳು, ನಗು ಬರಲಿಲ್ಲ. ಅವಳು ಕೈಯೆತ್ತಿದಳು.

"ಮಿಸ್, ಕೊನೇ ಸಲ ಆ ಬಂಡೆ ಅಳಿಸಿದಾಗ ಯಾರಿಗಾದ್ರೂ ಬೇಜಾರಾಯ್ತಾ?"

ಕ್ಲಾಸು ಇನ್ನೊಂದು ಸಲ ನಗಲು ರೆಡಿಯಾಗಿತ್ತು, ಆದರೆ ಮಿಸ್ ನಗದೆ ಮ್ಯಾಪಿನ ಕಡೆ ತಿರುಗಿದ್ದು ಕಂಡು ಸುಮ್ಮನಾಯಿತು.

"ಆಗಿರಬೇಕು," ಅಂದರು ಮಿಸ್. "ಅದನ್ನ ಮಾತ್ರ ಯಾರೂ ಬರೆದಿಟ್ಟಿಲ್ಲ."

ರೇಡಿಯೋ ತನ್ನ ಚೀಟಿಯನ್ನು ನಿಧಾನಕ್ಕೆ ಮಡಿಸಿ ಜೇಬಿಗಿಟ್ಟುಕೊಂಡ. ಒಂದು ಇಡೀ ನಿಮಿಷ ಅವನಿಂದ ಸದ್ದೇ ಬರಲಿಲ್ಲ.

ನಿನ್ನೆ ಆ ಹಡಗಿನವರನ್ನು ಕುರಿಗಳು ಅಂದದ್ದು ನೆನಪಾಗಿ ಚೂಟಿಯ ಕಿವಿ ಬಿಸಿಯಾಯಿತು. ಅವರಿಗೂ ಮನೆಯಲ್ಲಿ ಯಾರೋ ಇದ್ದಿರಬೇಕು, ಸಣ್ಣವರಿದ್ದಾಗ ಪಕ್ಕದಲ್ಲಿ ಕೂರಿಸಿಕೊಂಡು, ಇಲ್ಲಿದೆ ನೋಡು ಮಗಾ ಅಂತ ತೋರಿಸಿದವರು.